ಟೈರಿನಿಂದ ತೆರೆಯವರೆಗೆ: ವಾಹನ ಹೊಂದಾಣಿಕೆಯ ವಿಜ್ಞಾನ ಬೆಳೆದು ಬಂದ ದಾರಿ

ಬೆಳಗ್ಗೆ ಒಂಬತ್ತರ ಹೊತ್ತಿಗೆ ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಕಾರಿನಲ್ಲಿ ಹೊರಟವರಿಗೆ ‘ವೇಗ’ ಎಂಬ ಪದವೇ ಅಣಕದಂತೆ ಕೇಳಿಸುತ್ತದೆ. ಆದರೆ ಅದೇ ಬಡಾವಣೆಗಳ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಕೆಲವು ತರುಣರು ಗಣಕದ ತೆರೆಯ ಮುಂದೆ ಸ್ಟಿಯರಿಂಗ್ ಹಿಡಿದು ಕುಳಿತು ಗಂಟೆಗೆ 250 ಕಿ.ಮೀ. ವೇಗದಲ್ಲಿ ಕಾರು ಓಡಿಸುತ್ತಾರೆ. ಇದಕ್ಕೆ ಸಿಮ್ ರೇಸಿಂಗ್ ಎಂದು ಹೆಸರು. ಅವರ ಆಟವನ್ನು ಸ್ವಲ್ಪ ಹೊತ್ತು ಗಮನಿಸಿದರೆ ಒಂದು ವಿಷಯ ನಿಮಗೆ ಅಚ್ಚರಿ ತರಬಹುದು. ಕಾರು ಓಡಿಸುವುದಕ್ಕಿಂತ ಹೆಚ್ಚು ಸಮಯವನ್ನು ಅವರು ಅಂಕಿಗಳನ್ನು ತಿದ್ದುವುದರಲ್ಲಿ ಕಳೆಯುತ್ತಾರೆ. ಟೈರಿನ ಗಾಳಿಯ ಒತ್ತಡ, ಸ್ಪ್ರಿಂಗಿನ ಬಿಗಿತ, ಹಿಂಬದಿಯ ರೆಕ್ಕೆಯ ಕೋನ, ಶಾಕ್ ಅಬ್ಸಾರ್ಬರಿನ ಪ್ರತಿರೋಧ – ಹೀಗೆ ಹತ್ತಾರು ಅಂಕಿಗಳು. ಒಂದು ಅಂಕಿ ಬದಲಿಸಿದರೆ ಒಂದು ಸುತ್ತಿನ ಅವಧಿ ಸೆಕೆಂಡಿನ ಹತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ, ಇಲ್ಲವೇ ಹೆಚ್ಚಾಗುತ್ತದೆ.

ಈ ಅಂಕಿಗಳು ಎಲ್ಲಿಂದ ಬಂದವು? ತೆರೆಯ ಮೇಲಿನ ಕಾರು ನಿಜವಾದ ಕಾರಿನಂತೆ ವರ್ತಿಸುತ್ತದೆ ಎಂದು ನಂಬಲು ಆಧಾರವೇನು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಸುಮಾರು ನೂರು ವರ್ಷಗಳ ಇತಿಹಾಸ ತೆರೆದುಕೊಳ್ಳುತ್ತದೆ. ಆ ದಾರಿ ಡೆಟ್ರಾಯಿಟ್, ಬರ್ಮಿಂಗ್‌ಹ್ಯಾಮ್, ಬಫಲೋ, ಡೆಲ್ಫ್ಟ್ ನಗರಗಳ ಮೂಲಕ ಹಾದು ನಮ್ಮ ಬೆಂಗಳೂರಿಗೂ ಬರುತ್ತದೆ.

ಭಾರದ ತುಂಡುಗಳೊಡನೆ ಒಂದು ಪ್ರಯೋಗ

ಮೊದಮೊದಲು ವಾಹನದ ಹೊಂದಾಣಿಕೆ ಎಂಬುದು ಅನುಭವಿ ಮೆಕ್ಯಾನಿಕ್‌ನ ಕೈಚಳಕವಾಗಿತ್ತು. ಅದನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಮಾರಿಸ್ ಓಲಿ ಪ್ರಮುಖರು. ರೋಲ್ಸ್-ರಾಯ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಈ ಎಂಜಿನಿಯರ್ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಗೆ ಸೇರಿದರು. 1932ರ ಹೊತ್ತಿಗೆ ಅವರು ಒಂದು ದೊಡ್ಡ ಕಾರಿನಲ್ಲಿ ಆಚೀಚೆ ಸರಿಸಬಹುದಾದ ಭಾರದ ತುಂಡುಗಳನ್ನು ಅಳವಡಿಸಿದರು. ಇದರಿಂದ ಕಾರಿನ ಒಟ್ಟು ತೂಕ ಬದಲಾಗದೆ, ಅದರ ತಿರುಗುವಿಕೆಯ ಜಡತ್ವ ಮಾತ್ರ ಬದಲಾಗುತ್ತಿತ್ತು. ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳನ್ನು ಬೇರೆಬೇರೆಯಾಗಿ ಬದಲಿಸುವುದಕ್ಕೂ ಅನುಕೂಲವಿತ್ತು.

ಆ ಕಾಲದ ಕಾರುಗಳಲ್ಲಿ ಮುಂದಿನ ಸ್ಪ್ರಿಂಗ್ ಹೆಚ್ಚು ಬಿಗಿಯಾಗಿರುತ್ತಿತ್ತು. ಮುಂಭಾಗವೇ ಹಿಂಭಾಗಕ್ಕಿಂತ ಸುಮಾರು ಶೇ. 30ರಷ್ಟು ಮೃದುವಾಗಿದ್ದರೆ ಕಾರು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವುದು ಕಡಿಮೆಯಾಗುತ್ತದೆ ಎಂದು ಓಲಿ ಕಂಡುಕೊಂಡರು. ಕಾರಣ ಸರಳ. ರಸ್ತೆಯ ಉಬ್ಬು ಮೊದಲು ಮುಂದಿನ ಚಕ್ರಕ್ಕೆ ತಾಗುತ್ತದೆ, ಕ್ಷಣಕಾಲದ ನಂತರ ಹಿಂದಿನ ಚಕ್ರಕ್ಕೆ. ತಡವಾಗಿ ಹೊರಟ ಹಿಂಭಾಗದ ಆಂದೋಲನ ಸ್ವಲ್ಪ ಚುರುಕಾಗಿದ್ದರೆ ಮುಂಭಾಗದ ಆಂದೋಲನವನ್ನು ಬೇಗ ಹಿಡಿಯುತ್ತದೆ. ಆಗ ಇಡೀ ಕಾರು ಒಟ್ಟಾಗಿ ಮೇಲೆ ಕೆಳಗೆ ಚಲಿಸುತ್ತದೆ. ಸರಳ ಸಂಗತ ಚಲನೆಯ ಪಾಠ ಕಲಿತ ವಿದ್ಯಾರ್ಥಿಗೆ ಇದು ಕಷ್ಟದ ವಿಷಯವಲ್ಲ. ಆದರೆ ಮೃದುವಾದ ಸ್ಪ್ರಿಂಗಿನೊಂದಿಗೆ ಹಳೆಯ ಗಟ್ಟಿ ಅಚ್ಚು ಹೊಂದಲಿಲ್ಲ, ಚಕ್ರಗಳು ಅದುರತೊಡಗಿದವು. ಹೀಗಾಗಿ 1934ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಮುಂದಿನ ಎರಡು ಚಕ್ರಗಳನ್ನೂ ಪ್ರತ್ಯೇಕವಾಗಿ ತೂಗುಹಾಕುವ ವ್ಯವಸ್ಥೆಯನ್ನು ತಂದಿತು. ಒಂದು ಅಂಕಿಯನ್ನು ತಿದ್ದಲು ಹೋದರೆ ಇನ್ನೊಂದು ಭಾಗ ತಕರಾರು ಮಾಡುತ್ತದೆ ಎಂಬ ಪಾಠ ಆಗಲೇ ದೊರೆತಿತ್ತು.

ಟೈರಿನ ಗುಟ್ಟು

ಕಾರಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ನಡೆಯುತ್ತದೆ. ತಿರುವಿನಲ್ಲಿ ಕಾರಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಕೊಡುವುದು ಈ ರಬ್ಬರಿನ ತೇಪೆಗಳೇ. ಫ್ರಾನ್ಸಿನ ಜಾರ್ಜ್ ಬ್ರೂಲ್ಯೆ 1925ರಲ್ಲಿ ಒಂದು ಮುಖ್ಯ ವಿಚಾರವನ್ನು ಮುಂದಿಟ್ಟರು. ಅಡ್ಡಬಲ ಬಿದ್ದಾಗ ಟೈರು ತಾನು ನೋಡುತ್ತಿರುವ ದಿಕ್ಕಿನಲ್ಲೇ ಉರುಳುವುದಿಲ್ಲ, ಸ್ವಲ್ಪ ಓರೆಯಾಗಿ ಚಲಿಸುತ್ತದೆ. ಈ ಓರೆಯನ್ನು ‘ಜಾರು ಕೋನ’ ಎನ್ನೋಣ. ಕೆಲವು ಡಿಗ್ರಿಗಳವರೆಗೆ ಕೋನ ಹೆಚ್ಚಿದಂತೆ ಅಡ್ಡಬಲವೂ ಹೆಚ್ಚುತ್ತದೆ. ಆಮೇಲೆ ಗರಿಷ್ಠ ಮಟ್ಟ ತಲುಪಿ ಇಳಿಯತೊಡಗುತ್ತದೆ. ಮುಂದಿನ ಟೈರುಗಳ ಜಾರು ಕೋನ ಹೆಚ್ಚಾದರೆ ಕಾರು ತಿರುವಿನಿಂದ ಹೊರಗೆ ಸರಿಯುತ್ತದೆ, ಇದು ಅಂಡರ್‌ಸ್ಟಿಯರ್. ಹಿಂದಿನದು ಹೆಚ್ಚಾದರೆ ಕಾರಿನ ಬಾಲ ಹೊರಳುತ್ತದೆ; ಇದು ಓವರ್‌ಸ್ಟಿಯರ್.

ಟೈರಿನ ಬಲಗಳನ್ನು ಅಳೆಯುವುದು ಸುಲಭವಾಗಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಕಾರ್ಖಾನೆಯಲ್ಲಿ ಎರಿಕ್ ಗಫ್ 1950ರ ದಶಕದ ನಡುವಿನಲ್ಲಿ ಆರು ಚಾಚುವ ಕಾಲುಗಳ ಮೇಲೆ ನಿಂತ ಒಂದು ವೇದಿಕೆಯನ್ನು ರೂಪಿಸಿದರು. ಕಾಲುಗಳ ಉದ್ದವನ್ನು ಬದಲಿಸಿ ವೇದಿಕೆಯನ್ನು ಯಾವ ದಿಕ್ಕಿಗೂ ಸರಿಸಬಹುದಿತ್ತು, ಓರೆ ಮಾಡಬಹುದಿತ್ತು. ಟೈರಿಗೆ ಬೇರೆಬೇರೆ ಬಲಗಳನ್ನು ಒಟ್ಟಿಗೆ ಹೇರಿ ನೋಡುವುದು ಇದರ ಉದ್ದೇಶ. 1965ರಲ್ಲಿ ಸ್ಟೂವರ್ಟ್ ಎಂಬವರು ಇಂಥದೇ ಆರು ಕಾಲಿನ ವೇದಿಕೆಯನ್ನು ವಿಮಾನ ಚಾಲಕರ ತರಬೇತಿಗೆ ಸೂಚಿಸಿದರು. 1985ರಲ್ಲಿ ಡೈಮ್ಲರ್-ಬೆಂಜ್ ಸಂಸ್ಥೆ ಬರ್ಲಿನ್ನಿನಲ್ಲಿ ಆರಂಭಿಸಿದ ಕಾರು ಚಾಲನಾ ಸಿಮ್ಯುಲೇಟರ್ ಕೂಡ ಇಂಥ ಆರು ಕಾಲುಗಳ ಮೇಲೆಯೇ ನಿಂತಿತು. ಟೈರನ್ನು ಅಳೆಯಲು ಹುಟ್ಟಿದ ಯಂತ್ರ, ಟೈರೇ ಇಲ್ಲದ ಕಾರನ್ನು ಓಡಿಸಲು ನೆರವಾದದ್ದು ಇತಿಹಾಸದ ಒಂದು ಸೊಗಸಾದ ತಿರುವು.

ವಿಮಾನದಿಂದ ಕಾರಿಗೆ

ಅಮೆರಿಕದ ಬಫಲೋ ನಗರದಲ್ಲಿದ್ದ ಕಾರ್ನೆಲ್ ವೈಮಾನಿಕ ಪ್ರಯೋಗಾಲಯದಲ್ಲಿ ವಿಲಿಯಂ ಮಿಲಿಕೆನ್ (1911-2012) ಕೆಲಸ ಮಾಡುತ್ತಿದ್ದರು. ವೃತ್ತಿಯಿಂದ ವಿಮಾನ ತಜ್ಞ, ಹವ್ಯಾಸದಿಂದ ಕಾರ್ ರೇಸ್ ಸ್ಪರ್ಧಿ. 1948ರಲ್ಲಿ ವಾಟ್‌ಕಿನ್ಸ್ ಗ್ಲೆನ್‌ನ ಮೊದಲ ರೇಸ್‌ನಲ್ಲಿ ಅವರ ಬುಗಾಟಿ ಕಾರು ಮಗುಚಿ ಬಿದ್ದ ತಿರುವಿಗೆ ಮುಂದೆ ಅವರ ಹೆಸರೇ ಬಂದಿತು. ವಿಮಾನದ ಸ್ಥಿರತೆಯನ್ನು ಲೆಕ್ಕ ಹಾಕುವ ಸಮೀಕರಣಗಳನ್ನು ಕಾರಿಗೂ ಏಕೆ ಅನ್ವಯಿಸಬಾರದು ಎಂಬುದು ಅವರ ಪ್ರಶ್ನೆ. ಲೆನರ್ಡ್ ಸೀಗಲ್ ಮೊದಲಾದ ಸಹೋದ್ಯೋಗಿಗಳೊಂದಿಗೆ ಮಿಲಿಕೆನ್ 1956ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಪ್ರಬಂಧಗಳನ್ನು ಮಂಡಿಸಿದರು. ಕಾರು ಸ್ಟಿಯರಿಂಗಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಸಮೀಕರಣಗಳಿಂದ ಮೊದಲೇ ಹೇಳಿ, ಓಡುವ ಕಾರಿನಲ್ಲಿ ಅಳೆದು ತಾಳೆ ನೋಡಿದ್ದು ಅವುಗಳ ಹೆಚ್ಚುಗಾರಿಕೆ. ಇಂದಿನ ಪ್ರತಿಯೊಂದು ರೇಸಿಂಗ್ ಸಿಮ್ಯುಲೇಟರಿನ ಒಳಗೂ ಆ ಸಮೀಕರಣಗಳ ವಂಶಸ್ಥರು ಇದ್ದಾರೆ.

ಈ ಪ್ರಯೋಗಾಲಯಕ್ಕೆ 1972ರಲ್ಲಿ ಕಾಲ್‌ಸ್ಪ್ಯಾನ್ ಎಂಬ ಹೆಸರು ಬಂದಿತು. ಈ ಹೆಸರನ್ನು ನೆನಪಿಡಿ; ಮತ್ತೆ ಬರುತ್ತದೆ.

ಸ್ವಲ್ಪ ಲೆಕ್ಕ

ಅಂಕಿ ತಿದ್ದಿದರೆ ಸಮಯ ಉಳಿಯುವುದು ಹೇಗೆ? ಒಂದು ಉದಾಹರಣೆಯನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. 1000 ಕಿ.ಗ್ರಾಂ. ತೂಕದ ಕಾರಿನ ನಾಲ್ಕೂ ಚಕ್ರಗಳ ಮೇಲೆ ತಲಾ 250 ಕಿ.ಗ್ರಾಂ. ಭಾರ ಇರಲಿ. ಗುರುತ್ವ ಕೇಂದ್ರ ನೆಲದಿಂದ 0.4 ಮೀ. ಎತ್ತರದಲ್ಲಿರಲಿ, ಎಡ-ಬಲ ಚಕ್ರಗಳ ಅಂತರ 1.6 ಮೀ. ಇರಲಿ. ತಿರುವಿನಲ್ಲಿ ವೇಗೋತ್ಕರ್ಷ ಗುರುತ್ವದ 0.8 ಪಟ್ಟು ಆದಾಗ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಪಲ್ಲಟವಾಗುವ ಭಾರ:

1000 × 0.8 × 0.4 ÷ 1.6 = 200 ಕಿ.ಗ್ರಾಂ.

ಸ್ಪ್ರಿಂಗ್ ಬದಲಿಸಿದರೂ ಈ ಒಟ್ಟು ಪಲ್ಲಟ ಹೆಚ್ಚುಕಡಿಮೆ ಬದಲಾಗದು. ಆದರೆ ಅದರಲ್ಲಿ ಎಷ್ಟು ಮುಂದಿನ ಚಕ್ರಗಳ ಪಾಲು, ಎಷ್ಟು ಹಿಂದಿನವುಗಳ ಪಾಲು ಎಂಬುದು ನಮ್ಮ ಕೈಯಲ್ಲಿದೆ. ಎಡ-ಬಲ ಚಕ್ರಗಳನ್ನು ಬೆಸೆಯುವ, ಆ್ಯಂಟಿ-ರೋಲ್ ಬಾರ್ ಎಂಬ ತಿರುಚು ಸರಳು ಯಾವ ಕಡೆ ಬಿಗಿಯಾಗಿರುತ್ತದೋ ಆ ಕಡೆ ಹೆಚ್ಚು ಪಾಲು ಹೋಗುತ್ತದೆ.

ಇಲ್ಲೇ ರಬ್ಬರಿನ ವಿಶೇಷ ಗುಣ ಕೆಲಸ ಮಾಡುವುದು. ಪಠ್ಯಪುಸ್ತಕದ ನಿಯಮದಂತೆ ಘರ್ಷಣಾಂಕ ಭಾರವನ್ನು ಅವಲಂಬಿಸದು. ಟೈರು ಈ ನಿಯಮವನ್ನು ಪಾಲಿಸುವುದಿಲ್ಲ. ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ಇಳಿಯುತ್ತದೆ. ಉದಾಹರಣೆಗಾಗಿ 250 ಕಿ.ಗ್ರಾಂ. ಭಾರಕ್ಕೆ ಘರ್ಷಣಾಂಕ 1.00, 400ಕ್ಕೆ 0.88, 100ಕ್ಕೆ 1.12 ಎಂದಿಟ್ಟುಕೊಳ್ಳಿ. ಪಲ್ಲಟವಿಲ್ಲದಾಗ ಮುಂದಿನ ಎರಡು ಟೈರುಗಳ ಹಿಡಿತ 250 + 250 = 500. ಮುಂದಿನ ಸರಳು ಬಿಗಿಯಾಗಿ 150 ಕಿ.ಗ್ರಾಂ. ಪಲ್ಲಟವೆಲ್ಲ ಅಲ್ಲೇ ಆದರೆ ಭಾರ 400 ಮತ್ತು 100 ಆಗುತ್ತದೆ; ಹಿಡಿತ 352 + 112 = 464. ಅಂದರೆ 36ರಷ್ಟು ನಷ್ಟ. ಸರಳನ್ನು ಸಡಿಲಿಸಿ ಪಲ್ಲಟವನ್ನು ಹಿಂದೆ ಮುಂದೆ 100-100 ಎಂದು ಹಂಚಿದರೆ? ಭಾರ 350 ಮತ್ತು 150, ಘರ್ಷಣಾಂಕ 0.92 ಮತ್ತು 1.08; ಹಿಡಿತ 322 + 162 = 484. ನಷ್ಟ 16 ಮಾತ್ರ. ನಷ್ಟವು ಪಲ್ಲಟದ ವರ್ಗಕ್ಕೆ ಅನುಪಾತದಲ್ಲಿದೆ ಎಂಬುದನ್ನು ನೀವು ಗಮನಿಸಿರಬಹುದು.

50 ಮೀ. ತ್ರಿಜ್ಯದ ತಿರುವಿನಲ್ಲಿ, ಸರಳತೆಗಾಗಿ ಪಲ್ಲಟವನ್ನು ಇಷ್ಟೇ ಎಂದಿಟ್ಟುಕೊಂಡರೆ, ಮೊದಲನೆಯ ಹೊಂದಾಣಿಕೆಯ ಗರಿಷ್ಠ ವೇಗ ಸೆಕೆಂಡಿಗೆ 21.3 ಮೀ., ಎರಡನೆಯದರದು 21.8 ಮೀ. ಕಾಲು ವೃತ್ತದಷ್ಟು ತಿರುವಿನಲ್ಲಿ ಉಳಿಯುವ ಸಮಯ ಸುಮಾರು 0.08 ಸೆಕೆಂಡ್. ಇಂಥ ಹತ್ತು ತಿರುವುಗಳಿದ್ದರೆ ಒಂದು ಸುತ್ತಿಗೆ 0.8 ಸೆಕೆಂಡ್. ರೇಸ್‌ನಲ್ಲಿ ಇದು ಬಹಳ ದೊಡ್ಡ ಅಂತರ. ಎಂಜಿನ್ನಿಗೆ ಕೈ ಹಾಕದೆ, ಒಂದು ಸರಳನ್ನು ಸಡಿಲಿಸಿ ಪಡೆದ ಲಾಭವಿದು.

ರೆಕ್ಕೆಯ ಕಥೆಯೂ ಹೀಗೆಯೇ. 1966ರಲ್ಲಿ ಜಿಮ್ ಹಾಲ್ ತಮ್ಮ ಚಾಪರಲ್ ಕಾರಿಗೆ ಎತ್ತರದ ರೆಕ್ಕೆ ಕಟ್ಟಿ, ಅದರ ಕೋನವನ್ನು ಪೆಡಲಿನಿಂದ ಬದಲಿಸುವ ವ್ಯವಸ್ಥೆ ಮಾಡಿದರು. ರೆಕ್ಕೆ ಕೆಳಗೆ ಒತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಗಾಳಿಯ ಎಳೆತವೂ ಹಾಗೆಯೇ ಏರುತ್ತದೆ. ತಿರುವಿನಲ್ಲಿ ಗಳಿಸಿದ್ದನ್ನು ನೇರ ದಾರಿಯಲ್ಲಿ ಕಳೆದುಕೊಳ್ಳದಂತೆ ಕೋನವನ್ನು ಆರಿಸುವುದೇ ಜಾಣತನ.

ಸಮೀಕರಣ ತೆರೆಗೆ ಬಂದದ್ದು

ಟೈರಿನ ಬಲವನ್ನು ಮೂಲ ತತ್ತ್ವಗಳಿಂದ ಲೆಕ್ಕ ಹಾಕುವುದು ಇಂದಿಗೂ ಕಷ್ಟ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಮತ್ತು ಸಹೋದ್ಯೋಗಿಗಳು 1987ರಲ್ಲಿ ಬೇರೆ ದಾರಿ ಹಿಡಿದರು. ಅಳೆದು ಪಡೆದ ರೇಖೆಗಳಿಗೆ ಚೆನ್ನಾಗಿ ಹೊಂದುವ ಒಂದು ತ್ರಿಕೋನಮಿತಿ ಸೂತ್ರವನ್ನು ಮುಂದಿಟ್ಟರು. ಅದಕ್ಕೆ ‘ಮ್ಯಾಜಿಕ್ ಫಾರ್ಮುಲಾ’ ಎಂಬ ಹೆಸರೇ ನಿಂತಿತು. ನಾಲ್ಕು ಗುಣಾಂಕಗಳನ್ನು ಕೊಟ್ಟರೆ ಬಲ ಏರುವ, ಗರಿಷ್ಠ ತಲುಪುವ, ಇಳಿಯುವ ಪರಿಯನ್ನೆಲ್ಲ ಅದು ಹೇಳುತ್ತದೆ. ಆದರೆ ಏಕೆ ಹಾಗೆ ಎಂಬುದನ್ನು ಹೇಳುವುದಿಲ್ಲ. ಅಳತೆ ಮಾಡಿದ ವ್ಯಾಪ್ತಿಯಲ್ಲಿ ಅದನ್ನು ನಂಬಬಹುದು. ಆಚೆಗೆ ನಂಬುವುದು ಸಾಹಸ.

ಗಣಕಗಳು ಮನೆಗೆ ಬಂದ ಕಾಲವದು. 1989ರಲ್ಲಿ ಡೇವಿಡ್ ಕೆಮರ್ ಅವರ ಪಪೈರಸ್ ಸಂಸ್ಥೆ ಇಂಡಿಯಾನಾಪೊಲಿಸ್ 500 ರೇಸ್‌ನ ಸಿಮ್ಯುಲೇಶನ್ ಅನ್ನು ಹೊರತಂದಿತು. ಅದರಲ್ಲಿ ಆಟಗಾರ ತನ್ನ ಕಾರಿನ ಹೊಂದಾಣಿಕೆಗಳನ್ನು ಬದಲಿಸಬಹುದಿತ್ತು. 1998ರಲ್ಲಿ ಅದೇ ಸಂಸ್ಥೆ 1967ರ ಗ್ರ್ಯಾಂಡ್ ಪ್ರಿ ಕಾರುಗಳನ್ನು ತೆರೆಗೆ ತಂದಿತು. ಕೆಮರ್ ಅವರೇ ಕಟ್ಟಿದ ಐರೇಸಿಂಗ್ 2008ರಲ್ಲಿ ಆರಂಭವಾಯಿತು. ಇತ್ತ ಫಾರ್ಮುಲಾ ಒನ್‌ನಲ್ಲಿ 2009ರಿಂದ ಋತುವಿನ ನಡುವೆ ಪರೀಕ್ಷಾ ಓಟಗಳನ್ನು ನಿರ್ಬಂಧಿಸಿದ್ದರಿಂದ ತಂಡಗಳು ಸಿಮ್ಯುಲೇಟರುಗಳತ್ತ ವಾಲಿದವು. ಆಟ ಮತ್ತು ಎಂಜಿನಿಯರಿಂಗ್ ಒಂದೇ ಸಮೀಕರಣಗಳ ಎರಡು ದಡಗಳಾದವು.

ಬೆಂಗಳೂರಿನ ಅಧ್ಯಾಯ

ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಮಟ್ಟದ ಕಾರ್ ರೇಸ್ ಪಥವಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕಾರಿ ಪಥಕ್ಕೆ ಮುನ್ನೂರಕ್ಕೂ ಹೆಚ್ಚು ಕಿ.ಮೀ. ಹೋಗಬೇಕು. ಆದರೂ ವಾಹನಗಳ ಗಣಿತ ಮಾದರಿಗಳಿಗೆ ಈ ನಗರ ದೊಡ್ಡ ಕೇಂದ್ರ. ಬೊಮ್ಮಸಂದ್ರದ ಕಾರ್ಖಾನೆಯಿಂದ 2001ರಲ್ಲಿ ಹೊರಬಂದ ರೇವಾ ವಿದ್ಯುತ್ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಮುಂದಿನ ಆಸನಗಳ ಅಡಿಯಲ್ಲಿದ್ದವು. ಅತಿ ಭಾರದ ವಸ್ತುವನ್ನು ಕೆಳಗಿಟ್ಟರೆ ಮೇಲಿನ ಲೆಕ್ಕದ 0.4 ಮೀ. ಎಂಬ ಎತ್ತರ ತಗ್ಗುತ್ತದೆ, ಭಾರ ಪಲ್ಲಟವೂ ತಗ್ಗುತ್ತದೆ. 1996ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಇಂದು ವೈಟ್‌ಫೀಲ್ಡ್‌ನಲ್ಲಿರುವ ಮರ್ಸಿಡಿಸ್-ಬೆಂಜ್ ಸಂಶೋಧನ ಕೇಂದ್ರದಲ್ಲಿ ಕಾರುಗಳನ್ನು ಕಟ್ಟುವ ಮುನ್ನವೇ ಗಣಕದಲ್ಲಿ ಪರೀಕ್ಷಿಸುವ ಕೆಲಸ ನಡೆಯುತ್ತದೆ.

ರೇವಾ ಕಾರನ್ನು ರೂಪಿಸಿದ ಚೇತನ್ ಮೈನಿ ಅವರ ಕುಟುಂಬದವರೇ ಆದ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ. ಆ ಸ್ಪರ್ಧೆಯಲ್ಲಿ ಅರ್ಹತಾ ಸುತ್ತಿಗೆ ಮುನ್ನ ಅಭ್ಯಾಸಕ್ಕೆ ದೊರೆಯುವುದು 45 ನಿಮಿಷ ಮಾತ್ರ. ಹೊಂದಾಣಿಕೆಯ ಬಹುಪಾಲು ಲೆಕ್ಕ ಪಥಕ್ಕೆ ಇಳಿಯುವ ಮುನ್ನವೇ ಮುಗಿದಿರಬೇಕು.

ಆದರೆ ಸಿಮ್ಯುಲೇಟರಿನಲ್ಲಿ ಅಂಕಿ ತಿದ್ದುವ ವಿದ್ಯೆಯಲ್ಲಿ ಬೆಂಗಳೂರಿನ ಅತಿ ದೊಡ್ಡ ಸಾಧನೆ ಕಾರಿನದಲ್ಲ, ವಿಮಾನದ್ದು. ಮುಂದೆ ತೇಜಸ್ ಎಂಬ ಹೆಸರು ಪಡೆದ ಹಗುರ ಯುದ್ಧವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಲಾಗಿತ್ತು. ಅಂಗೈ ಮೇಲೆ ನಿಲ್ಲಿಸಿದ ಕೋಲಿನಂತೆ ಅದನ್ನು ಪ್ರತಿ ಕ್ಷಣವೂ ಗಣಕ ಸಂಭಾಳಿಸಬೇಕು. ಚಾಲಕ ಕಡ್ಡಿಯನ್ನು ಇಷ್ಟು ಎಳೆದರೆ ರೆಕ್ಕೆಯ ಫಲಕ ಎಷ್ಟು ತಿರುಗಬೇಕು ಎಂಬುದನ್ನು ನಿರ್ಧರಿಸುವ ‘ನಿಯಂತ್ರಣ ನಿಯಮ’ಗಳನ್ನು ರೂಪಿಸಲು 1992ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಒಂದು ತಂಡ ಕಟ್ಟಲಾಯಿತು. ಪ್ರತಿ ವೇಗಕ್ಕೂ ಪ್ರತಿ ಎತ್ತರಕ್ಕೂ ಬೇರೆ ಅಂಕಿ. ಎಂಜಿನಿಯರುಗಳು ಅಂಕಿ ತಿದ್ದುವುದು, ಪರೀಕ್ಷಾ ಚಾಲಕರು ಸಿಮ್ಯುಲೇಟರಿನಲ್ಲಿ ಕುಳಿತು ಅಭಿಪ್ರಾಯ ಹೇಳುವುದು – ವರ್ಷಗಟ್ಟಲೆ ಇದೇ ಕೆಲಸ.

ಸಿಮ್ಯುಲೇಟರನ್ನು ಎಷ್ಟು ನಂಬಬಹುದು? ಸ್ವೀಡನ್ನಿನ ಗ್ರಿಪೆನ್ ವಿಮಾನದ ಮೊದಲ ಮಾದರಿ 1989ರ ಫೆಬ್ರವರಿಯಲ್ಲಿ ಇಳಿಯುವಾಗ ಉರುಳಿ ಬಿದ್ದಿತ್ತು. ಚಾಲಕನ ಚಲನೆಯೂ ವಿಮಾನದ ಪ್ರತಿಕ್ರಿಯೆಯೂ ಒಂದಕ್ಕೊಂದು ತಾಳ ತಪ್ಪಿ ಆಂದೋಲನ ಬೆಳೆದದ್ದು ಕಾರಣ. ನಿಯಂತ್ರಣ ತಂತ್ರಾಂಶವನ್ನು ಕಾಲ್‌ಸ್ಪ್ಯಾನ್ ನೆರವಿನಿಂದ ತಿದ್ದಿದ ಮೇಲೂ 1993ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ಇನ್ನೊಂದು ಗ್ರಿಪೆನ್ ಬಿದ್ದಿತು. ಎರಡೂ ಸಲ ಚಾಲಕರು ಬದುಕಿದರು. ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕುಳಿತವನಿಗೆ ಪ್ರಾಣಭಯವಿಲ್ಲ. ಭಯವಿಲ್ಲದ ಕೈ ಕಡ್ಡಿಯನ್ನು ಬೇರೆ ರೀತಿಯಲ್ಲೇ ಹಿಡಿಯುತ್ತದೆ.

ಇದನ್ನು ಬಲ್ಲ ನಮ್ಮ ತಂಡ 1996ರ ಜುಲೈನಲ್ಲಿ ತನ್ನ ನಿಯಂತ್ರಣ ನಿಯಮಗಳನ್ನು ಅಮೆರಿಕದಲ್ಲಿ ಒಂದು ವಿಶೇಷ ಎಫ್-16 ವಿಮಾನದಲ್ಲಿ ಪರೀಕ್ಷಿಸಿತು. ಆಕಾಶದಲ್ಲೇ ಬೇರೆ ವಿಮಾನದಂತೆ ವರ್ತಿಸಬಲ್ಲ ಆ ವಿಮಾನವನ್ನು ನಡೆಸುತ್ತಿದ್ದುದು ಕಾಲ್‌ಸ್ಪ್ಯಾನ್! ಮಿಲಿಕೆನ್ ವಿಮಾನದ ಗಣಿತವನ್ನು ಕಾರಿಗೆ ತಂದ ಅದೇ ಪ್ರಯೋಗಾಲಯ. ಅಲ್ಲಿ 33 ಹಾರಾಟಗಳು ನಡೆದವು. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕ ನಿರ್ಬಂಧ ಹೇರಿದ್ದರಿಂದ ಅಲ್ಲಿನ ಸಹಕಾರ ನಿಂತಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಬೇಕಾಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಮೊದಲ ವಿಮಾನವನ್ನು ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿಸಿ ಸುರಕ್ಷಿತವಾಗಿ ಇಳಿಸಿದರು. ಅಂದು ಅವರು ನಂಬಿದ್ದು ಯಂತ್ರವನ್ನಷ್ಟೇ ಅಲ್ಲ, ಸಹೋದ್ಯೋಗಿಗಳು ತಿದ್ದಿ ತಿದ್ದಿ ಇಟ್ಟಿದ್ದ ಅಂಕಿಗಳ ಕೋಷ್ಟಕವನ್ನು.

ತರಗತಿಗೆ ಏನು ತರಬಹುದು?

ತೆರೆಯ ಮೇಲೆ ಕಾರು ಉರುಳಿದರೆ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು. ಈ ಅನುಕೂಲವೇ ಅಪಾಯವೂ ಹೌದು. ಮಾದರಿಯ ಅಳತೆ ವ್ಯಾಪ್ತಿಯಾಚೆ ನಿಜವಾದ ಕಾರಿನಲ್ಲಿ ಅಸಾಧ್ಯವಾದ ಹೊಂದಾಣಿಕೆಯೊಂದು ತೆರೆಯ ಮೇಲೆ ಅತಿ ವೇಗದ್ದಾಗಿ ಕಾಣಬಹುದು. ಆಟಗಾರನಿಗೆ ಅದು ಗೆಲುವು. ವಿಜ್ಞಾನದ ವಿದ್ಯಾರ್ಥಿಗೆ ಅದು ಮಾದರಿಯ ದೋಷ ಬಯಲಾದ ಕ್ಷಣ. ಹಾಗೆಂದು ಆಟವನ್ನು ಹಗುರವಾಗಿ ಕಾಣಬೇಕಿಲ್ಲ. ಒಮ್ಮೆಗೆ ಒಂದೇ ಅಂಕಿ ಬದಲಿಸು, ಐದಾರು ಸುತ್ತು ಓಡಿಸು, ಸರಾಸರಿ ತೆಗೆ, ಬರೆದಿಡು, ಹಳೆಯ ಅಂಕಿಗೆ ಮರಳಿ ಇನ್ನೊಮ್ಮೆ ಪರೀಕ್ಷಿಸು – ಒಳ್ಳೆಯ ಸಿಮ್ ಸ್ಪರ್ಧಿ ಅನುಸರಿಸುವ ಈ ಕ್ರಮ ಪ್ರಯೋಗಶಾಲೆಯ ಕ್ರಮವೇ. ಪೀಣ್ಯದ ಯಾವುದೇ ಲೇತ್ ಕೆಲಸಗಾರನೂ ಅದನ್ನೇ ಹೇಳುತ್ತಾನೆ: ವೇಗ, ಫೀಡು, ಕತ್ತರಿಸುವ ಆಳ ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿದೆ ಎಂದು ತಿಳಿಯದು.

ಅಧ್ಯಾಪಕರು ಒಂದು ಸಣ್ಣ ಪ್ರಯೋಗ ಮಾಡಿಸಬಹುದು. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಮರದ ದಿಮ್ಮಿಯ ಅಡಿಗೆ ಅಂಟಿಸಿ. ನಯವಾದ ಮೇಜಿನ ಮೇಲಿಟ್ಟು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ದಿಮ್ಮಿಯ ಮೇಲಿನ ತೂಕವನ್ನು 200 ಗ್ರಾಂನಿಂದ 2 ಕಿ.ಗ್ರಾಂ.ವರೆಗೆ ಹಂತಹಂತವಾಗಿ ಏರಿಸಿ, ಪ್ರತಿ ಸಲವೂ ಘರ್ಷಣಾಂಕವನ್ನು ಲೆಕ್ಕಹಾಕಿ, ನಕ್ಷೆ ಬರೆಯಿರಿ. ಟ್ಯೂಬಿನ ಬದಲು ಮರದ ಮೈಯನ್ನೇ ಕೆಳಗಿಟ್ಟು ಇನ್ನೊಮ್ಮೆ ಮಾಡಿ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು, ಪುಸ್ತಕದ ನಿಯಮವನ್ನು ಯಾವುದು ಹೆಚ್ಚು ಪಾಲಿಸುತ್ತದೆ ಎಂದು ವಿದ್ಯಾರ್ಥಿಗಳೇ ಹೇಳಲಿ. ಮೇಜಿನ ಮೈ, ರಬ್ಬರಿನ ಸ್ವಚ್ಛತೆ, ಎಳೆಯುವ ವೇಗ ಇವೆಲ್ಲ ಅಂಕಿಗಳನ್ನು ಅಲುಗಾಡಿಸುತ್ತವೆ, ಅವನ್ನೂ ಬರೆದಿಡಲಿ. ನಂತರ, ಮನೆಯಲ್ಲಿ ರೇಸ್ ಆಟ ಆಡುವ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿದ್ದರೆ, ಆ್ಯಂಟಿ-ರೋಲ್ ಬಾರ್ ಸಡಿಲಿಸಿದಾಗ ಅವನ ಕಾರು ಏಕೆ ಚೆನ್ನಾಗಿ ತಿರುಗಿತು ಎಂದು ಕೇಳಿ. ಉತ್ತರ ಅವನ ಎದುರಿನ ನಕ್ಷೆಯಲ್ಲೇ ಇರುತ್ತದೆ.